ಶಂಕರ್ ನಾಗ್: ರಂಗದಿಂದ ತೆರೆಗೆ

ಕನ್ನಡದ ಹೆಸರಾಂತ ನಟ, ನಿರ್ದೇಶಕ ಶಂಕರ್ ನಾಗ್ ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನವರು. 1954ರ ನವೆಂಬರ್ 9ರಂದು ಜನಿಸಿದರು. ಮನೆಮಾತು ಕೊಂಕಣಿ. ನಟ ಅನಂತ್ ನಾಗ್ ಇವರ ಅಣ್ಣ.

ಓದು ಮುಗಿಸಿ ಮುಂಬಯಿಗೆ ಹೋದ ಶಂಕರ್ ಅಲ್ಲಿಯ ಮರಾಠಿ ರಂಗಭೂಮಿಯಲ್ಲಿ ನಟನೆ ಕಲಿತರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ನಾಟಕದ ನಂಟಿನಿಂದಲೇ. ಚಾಫೇಕರ್ ಸೋದರರನ್ನು ಕುರಿತ ಮರಾಠಿ ಚಿತ್ರವೊಂದರ ಬರವಣಿಗೆಯಲ್ಲೂ ಅವರು ಪಾಲ್ಗೊಂಡರು.

1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಕನ್ನಡಕ್ಕೆ ಬಂದರು. ಕೂಲಿಗಾಗಿ ಕಾದಾಡುವ ಯೋಧನ ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. 1980ರ ‘ಆಟೋ ರಾಜ’ ಅವರನ್ನು ಜನಸಾಮಾನ್ಯರ ನಾಯಕನನ್ನಾಗಿ ಮಾಡಿತು. ಇಂದಿಗೂ ಎಷ್ಟೋ ಆಟೋಗಳ ಹಿಂದೆ ಅವರ ಚಿತ್ರವಿದೆ.

ಜನಪ್ರಿಯತೆ ಬಂದ ಮೇಲೂ ಅವರು ನಾಟಕ ಬಿಡಲಿಲ್ಲ. ಬೆಂಗಳೂರಿನಲ್ಲಿ ‘ಸಂಕೇತ್’ ತಂಡ ಕಟ್ಟಿ ‘ಅಂಜುಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಮೊದಲಾದ ನಾಟಕಗಳನ್ನು ರಂಗಕ್ಕೆ ತಂದರು. ‘ಮಿಂಚಿನ ಓಟ’, ‘ಗೀತಾ’ ಚಿತ್ರಗಳನ್ನು ನಿರ್ದೇಶಿಸಿದರು. ಕುಡಿದು ಕಾರು ಓಡಿಸುವ ಸಿರಿವಂತರ ಮಕ್ಕಳು, ಅವರಿಗೆ ಬಲಿಯಾಗುವ, ಬೀದಿಬದಿಯಲ್ಲಿ ಮಲಗಿದ್ದ ಬಡವರ ಕಥೆಯುಳ್ಳ ‘ಆಕ್ಸಿಡೆಂಟ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಅವರನ್ನು ದೇಶದ ಮನೆಮನೆಗೆ ಮುಟ್ಟಿಸಿದ್ದು ದೂರದರ್ಶನದ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರ ಕಲ್ಪನೆಯ ಊರನ್ನು ಅವರು ಮಲೆನಾಡಿನ ಆಗುಂಬೆಯಲ್ಲಿ ಕಂಡುಕೊಂಡರು. ಪರೀಕ್ಷೆಗೆ ಹೆದರುವ, ಶಾಲೆ ತಪ್ಪಿಸಲು ನೆಪ ಹುಡುಕುವ ಬಾಲಕ ಸ್ವಾಮಿಯನ್ನು ಶಿಕ್ಷಕರಾಗುವ ನಾವೆಲ್ಲರೂ ಒಮ್ಮೆ ನೋಡಬೇಕು. ತರಗತಿಯ ಕೊನೆಯ ಬೆಂಚಿನಿಂದ ಶಾಲೆ ಹೇಗೆ ಕಾಣುತ್ತದೆ ಎಂಬುದನ್ನು ಅದು ತೋರಿಸುತ್ತದೆ.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದಾಗ ದಾವಣಗೆರೆ ಸಮೀಪದ ಆನಗೋಡು ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 35 ವರ್ಷ. ತೀವ್ರವಾಗಿ ಗಾಯಗೊಂಡ ಅರುಂಧತಿ ಚೇತರಿಸಿಕೊಂಡು, ಹಲವರ ನೆರವಿನಿಂದ ಬೆಂಗಳೂರಿನಲ್ಲಿ ‘ರಂಗಶಂಕರ’ ಕಟ್ಟಿದರು. 2004ರಲ್ಲಿ ಆರಂಭವಾದ ಆ ರಂಗಮಂದಿರದಲ್ಲಿ ಇಂದಿಗೂ ನಾಟಕಗಳು ನಡೆಯುತ್ತಿವೆ.

ಈ ಜೀವನಚರಿತ್ರೆಯನ್ನು ಬೋಧನಾಭ್ಯಾಸದಲ್ಲಿ ಎರಡು ಬಗೆಯಲ್ಲಿ ಬಳಸಬಹುದು. ಮೊದಲನೆಯದು ವಿಜ್ಞಾನದ ಪಾಠ. 9ನೇ ತರಗತಿಯಲ್ಲಿ ಚಲನಶಕ್ತಿ ಕಲಿಸುವಾಗ, ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಸಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಲೆಕ್ಕ ಮಾಡಿಸಿ ತೋರಿಸಬಹುದು. ಕಾರವಾರ, ಅಂಕೋಲೆಗಳಲ್ಲಿ ಹೆದ್ದಾರಿ ದಾಟಿ ಶಾಲೆಗೆ ಬರುವ ಮಕ್ಕಳಿಗೆ ಇದು ಅಂಕಕ್ಕಾಗಿ ಮಾತ್ರ ಕಲಿಯುವ ಸೂತ್ರವಲ್ಲ.

ಎರಡನೆಯದು ಭಾಷೆಯ ಸಂಗತಿ, ಇದೇ ಹೆಚ್ಚು ಮುಖ್ಯ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿದ್ದಾರೆ, ಹಾಲಕ್ಕಿ ಕನ್ನಡ ಆಡುವವರಿದ್ದಾರೆ. ಪುಸ್ತಕದ ಕನ್ನಡ ಬಾರದೆಂದು ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಕೂರುವವರು ಇವರಲ್ಲೇ ಹೆಚ್ಚು. ಕೊಂಕಣಿ ಮನೆಯಲ್ಲಿ ಬೆಳೆದು, ಮರಾಠಿಯಲ್ಲಿ ರಂಗ ಕಲಿತು, ಕನ್ನಡಿಗರ ಮನಗೆದ್ದ ಈ ಜಿಲ್ಲೆಯವನ ಬದುಕು ಅವರಿಗೆ ಧೈರ್ಯ ಕೊಡಬಲ್ಲದು. ಮನೆಮಾತು ಕಲಿಕೆಗೆ ಅಡ್ಡಿಯಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು. ಮಗು ಮೊದಲು ತನ್ನ ಮಾತಿನಲ್ಲೇ ಉತ್ತರ ಹೇಳಲಿ, ನಂತರ ಅದನ್ನೇ ಕನ್ನಡದಲ್ಲಿ ಹೇಳಲು ನಾವು ಜೊತೆಗೂಡೋಣ. ಪಾಠಯೋಜನೆಯಲ್ಲಿ ಅದಕ್ಕೆ ಐದು ನಿಮಿಷ ತೆಗೆದಿಡುವುದು ಕಷ್ಟವೇನಲ್ಲ.