ಎದೆಯ ಸದ್ದಿಗೆ ಕಿವಿಗೊಟ್ಟ ವೈದ್ಯ: ರೆನೆ ಲೆನೆಕ್

ಕುಂದಾಪುರದ ಆಸ್ಪತ್ರೆಗೆ ಹೋಗಿ, ಬೈಂದೂರಿನ ಆಸ್ಪತ್ರೆಗೆ ಹೋಗಿ, ಬ್ರಹ್ಮಾವರದ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ, ವೈದ್ಯರ ಕೊರಳಲ್ಲಿ ಒಂದು ವಸ್ತು ತೂಗುತ್ತಿರುತ್ತದೆ: ಸ್ಟೆತಸ್ಕೋಪ್. ನಮ್ಮ ಕಾಲೇಜಿನಲ್ಲಿ ನೀಟ್ ಪರೀಕ್ಷೆಗೆ ಓದುತ್ತಿರುವ ಎಷ್ಟೋ ಮಂದಿಯ ಕನಸಿನಲ್ಲೂ ಅದು ಇದೆ. ಅದನ್ನು ನಮಗೆ ಕೊಟ್ಟವರ ಬದುಕು ಮಾತ್ರ ಸುಖದ್ದಾಗಿರಲಿಲ್ಲ.

ರೆನೆ ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ಕರಾವಳಿಯ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಎಂಬ ಊರಿನಲ್ಲಿ. ಐದು ವರ್ಷದವರಿರುವಾಗ ತಾಯಿ ತೀರಿಕೊಂಡರು. ತಂದೆ ವಕೀಲರು, ಆದರೆ ಮಕ್ಕಳನ್ನು ಸಾಕುವ ಜವಾಬ್ದಾರಿ ಅವರಿಂದ ಆಗಲಿಲ್ಲ. ಹುಡುಗ ನಾಂಟ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪನ ಮನೆ ಸೇರಿದ. ಅಷ್ಟರಲ್ಲಿ ಫ್ರಾನ್ಸಿನ ಕ್ರಾಂತಿ ಶುರುವಾಯಿತು. ಜನರ ತಲೆ ಕಡಿಯುವ ಗಿಲೊಟಿನ್ ನಿಂತಿದ್ದ ಚೌಕ ಅವರ ಮನೆಯ ಎದುರಿಗೇ ಇತ್ತು. ಹದಿನಾಲ್ಕನೆಯ ವಯಸ್ಸಿಗೇ ಲೆನೆಕ್ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ನಿಂತರು. ಮಗ ವೈದ್ಯನಾಗುವುದು ತಂದೆಗೆ ಇಷ್ಟವಿರಲಿಲ್ಲ. ಆದರೂ ಹಟ ಬಿಡದೆ 1801ರಲ್ಲಿ ಪ್ಯಾರಿಸ್ ಸೇರಿದರು. 1803ರಲ್ಲಿ ವೈದ್ಯಶಾಸ್ತ್ರ, ಶಸ್ತ್ರಚಿಕಿತ್ಸೆ ಎರಡರಲ್ಲೂ ಪ್ರಥಮ ಬಹುಮಾನ ಪಡೆದು, ಮರುವರ್ಷ ಪದವಿ ಮುಗಿಸಿದರು.

ಆ ಕಾಲದಲ್ಲಿ ಎದೆಯ ಕಾಯಿಲೆ ತಿಳಿಯಲು ಇದ್ದ ದಾರಿಗಳು ಎರಡೇ. ಒಂದು, ಬೆರಳಿನಿಂದ ಎದೆ ತಟ್ಟಿ ನೋಡುವುದು. ಹಲಸಿನಕಾಯಿ ಬೆಳೆದಿದೆಯೇ ಎಂದು ನಮ್ಮ ಹಿರಿಯರು ತಟ್ಟಿ ನೋಡುತ್ತಾರಲ್ಲ, ಅದೇ ಉಪಾಯ. ಆಸ್ಟ್ರಿಯದ ಔಯೆನ್‌ಬ್ರುಗರ್ ಎಂಬ ವೈದ್ಯರು 1761ರಲ್ಲಿ ಇದನ್ನು ಪುಸ್ತಕವಾಗಿ ಬರೆದಿದ್ದರು. ಲೆನೆಕರ ಗುರು ಕಾರ್ವಿಸಾರ್ ಅದನ್ನು ಮತ್ತೆ ಬಳಕೆಗೆ ತಂದರು. ಇನ್ನೊಂದು, ರೋಗಿಯ ಎದೆಗೆ ನೇರವಾಗಿ ಕಿವಿ ಇಟ್ಟು ಕೇಳುವುದು.

1816ರಲ್ಲಿ ಲೆನೆಕ್ ಪ್ಯಾರಿಸಿನ ನೆಕೇರ್ ಆಸ್ಪತ್ರೆಯ ವೈದ್ಯರಾದರು. ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಅವರ ಬಳಿ ಬಂದಳು. ಮೈ ದಪ್ಪವಿದ್ದುದರಿಂದ ತಟ್ಟಿದರೆ ಏನೂ ತಿಳಿಯಲಿಲ್ಲ. ಎದೆಗೆ ಕಿವಿ ಇಡೋಣವೆಂದರೆ, ಹರೆಯದ ಹೆಣ್ಣುಮಗಳ ಮರ್ಯಾದೆಯ ಪ್ರಶ್ನೆ. ಆಗ ಅವರಿಗೆ ಒಂದು ಸಂಗತಿ ನೆನಪಾಯಿತು. ಮರದ ದಿಮ್ಮಿಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಗೊಟ್ಟವರಿಗೆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. (ನಮ್ಮ ತರಗತಿಯ ಉದ್ದ ಬೆಂಚಿನಲ್ಲೂ ಇದನ್ನು ಮಾಡಿ ನೋಡಬಹುದು.) ಕೂಡಲೇ ಒಂದಷ್ಟು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಯುವತಿಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಹಿಡಿದರು. ನೇರವಾಗಿ ಕಿವಿಯಿಟ್ಟು ಕೇಳುವಾಗ ಎಂದೂ ಕೇಳದಷ್ಟು ಚೆನ್ನಾಗಿ ಹೃದಯದ ಬಡಿತ ಕೇಳಿಸಿತು.

ಲೆನೆಕರಿಗೆ ಕೊಳಲು ನುಡಿಸುವ, ಮರ ಕಡೆಯುವ ಹವ್ಯಾಸವಿತ್ತು. ಸುಮಾರು ಒಂದಡಿ ಉದ್ದದ ಮರದ ಕೊಳವೆಯನ್ನು ತಾವೇ ಕಡೆದು ತಯಾರಿಸಿದರು. ಗ್ರೀಕ್ ಭಾಷೆಯ ಎದೆ ಮತ್ತು ನೋಡು ಎಂಬ ಅರ್ಥದ ಪದಗಳನ್ನು ಸೇರಿಸಿ ಸ್ಟೆತಸ್ಕೋಪ್ ಎಂದು ಹೆಸರಿಟ್ಟರು.

ಕೊಳವೆ ಮಾಡಿದ್ದು ಅವರ ಕೆಲಸದ ಆರಂಭವಷ್ಟೇ. ಮುಂದಿನ ಮೂರು ವರ್ಷ ರೋಗಿಗಳ ಎದೆಯ ಸದ್ದುಗಳನ್ನು ಕೇಳಿ ಬರೆದಿಟ್ಟರು. ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ, ಯಾವ ಸದ್ದಿಗೆ ಒಳಗಿನ ಯಾವ ಹಾನಿ ಕಾರಣವೆಂದು ತಾಳೆ ನೋಡಿದರು. 1819ರಲ್ಲಿ ಇದೆಲ್ಲವೂ ಎರಡು ಸಂಪುಟಗಳ ಗ್ರಂಥವಾಯಿತು. ಯಕೃತ್ತಿನ ಸಿರೋಸಿಸ್ ಕಾಯಿಲೆಗೆ ಆ ಹೆಸರನ್ನು ಕೊಟ್ಟವರೂ ಅವರೇ.

ಅತಿಯಾದ ದುಡಿತದಿಂದ ಅವರ ಆರೋಗ್ಯ ಕೆಟ್ಟಿತು. ಊರಿಗೆ ಹೋಗಿ ಎರಡು ವರ್ಷ ವಿಶ್ರಾಂತಿ ಪಡೆದು ಮರಳಿ ಬಂದು ಪ್ರಾಧ್ಯಾಪಕರಾದರು. 1826ರಲ್ಲಿ ಗ್ರಂಥದ ಎರಡನೆಯ ಆವೃತ್ತಿ ಹೊರಬಂತು. ಅದೇ ವರ್ಷ, ವೈದ್ಯರೇ ಆಗಿದ್ದ ಅವರ ಸಂಬಂಧಿ ಮೇರಿಯಾದೆಕ್, ಲೆನೆಕರ ಎದೆಗೆ ಅವರದೇ ಸ್ಟೆತಸ್ಕೋಪ್ ಇಟ್ಟು ಕೇಳಿದ್ದನ್ನು ಅವರಿಗೆ ವಿವರಿಸಿದರು. ಅವು ಕ್ಷಯರೋಗದ ಸದ್ದುಗಳು. ಆ ಸದ್ದುಗಳನ್ನು ಜಗತ್ತಿಗೆ ಪರಿಚಯಿಸಿದವರಿಗೆ ಅವುಗಳ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ತಮ್ಮ ಸ್ಟೆತಸ್ಕೋಪನ್ನು ಮೇರಿಯಾದೆಕ್‌ಗೆ ಬಿಟ್ಟುಹೋದರು.

ಎರಡೂ ಕಿವಿಗಳಿಂದ ಕೇಳುವ ಸ್ಟೆತಸ್ಕೋಪ್ ಬಂದದ್ದು 1850ರ ದಶಕದಲ್ಲಿ. ಇಂದು ಅದರ ಗಂಟೆಯಾಕಾರದ ಬದಿಯಿಂದ ಮಂದ್ರ ಸದ್ದುಗಳನ್ನೂ, ತೆಳು ಪರೆಯ ಬದಿಯಿಂದ ತಾರ ಸದ್ದುಗಳನ್ನೂ ಕೇಳುತ್ತಾರೆ. ಹೃದಯದ ಕವಾಟಗಳ ದೋಷ, ನ್ಯುಮೋನಿಯಾ, ಅಸ್ತಮಾದ ಸುಂಯ್‌ಗುಟ್ಟುವಿಕೆ, ಕರುಳಿನ ಚಲನೆ ಎಲ್ಲಕ್ಕೂ ಅದು ಬೇಕು. 1905ರಲ್ಲಿ ರಷ್ಯದ ಕೊರೊಟ್ಕಾಫ್ ತೋರಿಸಿದಂತೆ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವುದೂ ಇದರಿಂದಲೇ.

ಲೆನೆಕರ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಅದರ ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದೇ 1882ರಲ್ಲಿ. ಇಂದು ಮದ್ದಿದೆ, ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದೇ. ಕಾರಣಗಳಲ್ಲಿ ಒಂದು, ಜನ ಏನೆಂದಾರು ಎಂಬ ನಾಚಿಕೆ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಮುಚ್ಚಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಯ ನಾಚಿಕೆಯನ್ನು ಗೌರವಿಸಿಯೇ ರೋಗವನ್ನು ಪತ್ತೆಹಚ್ಚುವ ದಾರಿಯನ್ನು ಲೆನೆಕ್ ಇನ್ನೂರು ವರ್ಷಗಳ ಹಿಂದೆಯೇ ಹುಡುಕಿಕೊಟ್ಟಿದ್ದಾರೆ. ನಾಳೆ ಸ್ಟೆತಸ್ಕೋಪ್ ಹಿಡಿಯಲಿರುವ ಗೆಳೆಯ ಗೆಳತಿಯರು ಅವರ ಈ ಗುಣವನ್ನೂ ಜತೆಗೆ ಒಯ್ಯಲಿ.