ವನಸಂಚಾರಿ ಡಾ. ಬಿ. ಜಿ. ಎಲ್. ಸ್ವಾಮಿಯವರು

ರಾಜ್ಯೋತ್ಸವದ ಮರುದಿನ ಕನ್ನಡಿಗರಾದ ನಾವು ನೆನೆಯಬೇಕಾದ ಹಿರಿಯರೊಬ್ಬರಿದ್ದಾರೆ. 1980ರ ನವೆಂಬರ್ 2ರಂದು ಡಾ. ಬಿ. ಜಿ. ಎಲ್. ಸ್ವಾಮಿಯವರು ಈ ಲೋಕವನ್ನು ಬಿಟ್ಟು ನಡೆದರು. ಅವರನ್ನು ರಸಿಕ ಹಾಸ್ಯಲೇಖಕರೆಂದು ಬಲ್ಲವರುಂಟು. ಉದ್ದಾಮ ಸಸ್ಯವಿಜ್ಞಾನಿಯೆಂದು ಬಲ್ಲವರೂ ಉಂಟು. ಆದರೆ ಸಂಬಳದ ಲೆಕ್ಕ ಹಾಕಿ ಬದುಕುವ ನಮ್ಮಂಥ ಗೃಹಸ್ಥರಿಗೆ ಅವರ ಬಾಳಿನಿಂದ ದೊರೆಯುವ ಮತ್ತೊಂದು ಪಾಠವಿದೆ. ಕಾಡುಮೇಡುಗಳ ಸಾಹಸಜೀವನ ಕೇವಲ ಹಣವಂತರ ಸ್ವತ್ತಲ್ಲ ಎಂಬುದೇ ಆ ಪಾಠ.

ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ. ವಿ. ಗುಂಡಪ್ಪನವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಹುಡುಗ ಬೆಳೆದ ಮನೆಯಲ್ಲಿ ಪುಸ್ತಕಗಳಿಗೂ ವಿದ್ವಾಂಸರ ಬರವಿಗೂ ಕೊರತೆಯಿರಲಿಲ್ಲ. ಹಣಕ್ಕೆ ಮಾತ್ರ ಅಲ್ಲಿ ಹಿರಿಯ ಸ್ಥಾನವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದಿ, ಬಳಿಕ ಸ್ವಪ್ರಯತ್ನದಿಂದಲೇ ಸಂಶೋಧನೆಗೆ ತೊಡಗಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನು ಕೊಟ್ಟಿತು.

ಅವರು ಆರಿಸಿಕೊಂಡ ವಿಷಯಗಳಲ್ಲೊಂದು ಆರ್ಕಿಡ್ ಸಸ್ಯಗಳ ಭ್ರೂಣಶಾಸ್ತ್ರ. ಕೇಳಲು ಇದು ಕೋಣೆಯಲ್ಲಿ ಕುಳಿತು ಮಾಡುವ ಕೆಲಸದಂತೆ ತೋರುತ್ತದೆ. ನಿಜಸ್ಥಿತಿ ಹಾಗಿಲ್ಲ. ಅನೇಕ ಆರ್ಕಿಡ್‌ಗಳು ಮಲೆನಾಡಿನ ಮರಗಳ ಕೊಂಬೆಗಳ ಮೇಲೆ ಬೆಳೆಯುತ್ತವೆ. ಅವುಗಳ ಬೀಜ ಧೂಳಿನಷ್ಟು ಸಣ್ಣದು. ಮೊಗ್ಗು ಅರಳಿ ಕಾಯಿಕಟ್ಟಿ ಬೀಜವಾಗುವತನಕ ಒಳಗೆ ನಡೆಯುವ ಒಂದೊಂದು ಹಂತವನ್ನೂ ನೋಡಬೇಕಾದರೆ ಅದೇ ಗಿಡದ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಕಿತ್ತ ಮೊಗ್ಗನ್ನು ಬಾಡುವ ಮೊದಲೇ, ನಿಂತ ಸ್ಥಳದಲ್ಲಿಯೇ ಮದ್ಯಸಾರ ಬೆರೆತ ದ್ರಾವಣದಲ್ಲಿ ಅದ್ದಬೇಕು. ಆದುದರಿಂದ ಸೂಕ್ಷ್ಮದರ್ಶಕದ ದಾರಿ ಕಾಡಿನ ಕಾಲುದಾರಿಯಿಂದಲೇ ಮೊದಲಾಗುತ್ತದೆ.

ಆ ಕಾಲುದಾರಿಗೆ ಬೇಕಾದ ಬಂಡವಾಳವೆಷ್ಟು? ಬ್ಯಾಂಕಿನಲ್ಲಿ ಕೂಡಿ ಕಳೆಯುವುದೇ ಕಸುಬಾಗಿರುವ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಸಸ್ಯ ಸಂಗ್ರಹಕಾರನ ಆಸ್ತಿಯೆಂದರೆ ಒಂದು ಚಾಕು, ಒಂದು ಭೂತಗನ್ನಡಿ, ಗಿಡಗಳು ಬಾಡದಂತೆ ಇಡಲು ತಗಡಿನ ಪೆಟ್ಟಿಗೆ, ಎರಡು ಹಲಗೆ, ಬಿಗಿಯಲು ಹಗ್ಗ, ಒಂದು ಕಟ್ಟು ಹಳೆಯ ವೃತ್ತಪತ್ರಿಕೆ, ಬರೆಯಲು ಪುಸ್ತಕ ಮತ್ತು ಸೀಸದಕಡ್ಡಿ. ಗಿಡವನ್ನು ಕಾಗದದ ನಡುವೆ ಹರಡಿ ಒತ್ತಿಡುವುದು, ಒದ್ದೆಯಾದ ಕಾಗದವನ್ನು ದಿನವೂ ಬದಲಿಸುವುದು, ಸಿಕ್ಕಿದ ಸ್ಥಳ, ತಾರೀಖು, ಊರವರು ಕರೆಯುವ ಹೆಸರು ಇವನ್ನು ಅಂದಂದೇ ಬರೆದಿಡುವುದು, ಇಷ್ಟೇ ಕ್ರಮ. ಇಲ್ಲಿ ಖರ್ಚಾಗುವುದು ರೂಪಾಯಿಗಿಂತ ಹೆಚ್ಚಾಗಿ ಕಾಲಿನ ಬಲ ಮತ್ತು ತಾಳ್ಮೆ.

ಮುಂದೆ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪ್ರಾಧ್ಯಾಪಕ ಇರ್ವಿಂಗ್ ಬೈಲಿಯವರೊಡನೆ ಕೆಲಸಮಾಡಿದರು. ಹೂಬಿಡುವ ಗಿಡಗಳ ಕಾಂಡದಲ್ಲಿ ಸಾಮಾನ್ಯವಾಗಿ ನೀರು ಸಾಗಿಸುವ ವಿಶೇಷ ನಾಳಗಳಿರುತ್ತವೆ. ಸಾರ್ಕ್ಯಾಂಡ್ರ ಎಂಬ ಗಿಡದಲ್ಲಿ ಅವು ಇಲ್ಲವೆಂದು ಗುರುಶಿಷ್ಯರಿಬ್ಬರೂ 1950ರಲ್ಲಿ ಪ್ರಕಟಿಸಿದ ಲೇಖನ ಸಸ್ಯಗಳ ಪ್ರಾಚೀನತೆಯ ಚರ್ಚೆಗೆ ಹೊಸ ಸಾಮಗ್ರಿಯನ್ನೊದಗಿಸಿತು. 1980ರ ದಶಕದಲ್ಲಿ ಬೇರೆ ಸಂಶೋಧಕರು ಆ ಗಿಡದಲ್ಲಿಯೂ ನಾಳಗಳನ್ನು ಕಂಡು ಈ ನಿರ್ಣಯವನ್ನು ತಿದ್ದಿದರು. ಇದರಿಂದ ಸ್ವಾಮಿಯವರ ಹಿರಿಮೆ ಕುಂದುವುದಿಲ್ಲ; ಮೊದಲು ಕಣ್ಣಿಟ್ಟು ನೋಡಿದವರಿಂದಲೇ ಮುಂದಿನವರಿಗೆ ದಾರಿ. ಆ ಜಾತಿಯ ಗಿಡವೊಂದಕ್ಕೆ 1953ರಲ್ಲಿ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟರು. ಕಾಡಿನ ಗಿಡವೊಂದರ ಹೆಸರಿನಲ್ಲಿ ಸಲ್ಲಿಸಿದ ಈ ಗುರುದಕ್ಷಿಣೆಗೆ ಬೆಲೆ ಕಟ್ಟುವುದು ಹೇಗೆ?

ಸುಮಾರು ಅದೇ ಕಾಲದಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಹೊರನಾಡಿನಲ್ಲಿ ನೆಲಸಿರುವ ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅನ್ನ ಕೊಟ್ಟ ಊರು ತಮಿಳರದು, ಎದುರಿಗೆ ಕುಳಿತ ಶಿಷ್ಯರು ಬಹುಮಟ್ಟಿಗೆ ತಮಿಳರು. ಆ ಶಿಷ್ಯರನ್ನು ಕಟ್ಟಿಕೊಂಡು ಸ್ವಾಮಿಯವರು ಪಶ್ಚಿಮಘಟ್ಟದ ಕಾಡುಗಳನ್ನು ಸುತ್ತಿದರು. ಪರನಾಡಿನಲ್ಲಿದ್ದೇನೆಂದು ಕೋಣೆಯ ಕದ ಹಾಕಿಕೊಳ್ಳಲಿಲ್ಲ. ಹಾಗೆಂದು ಕನ್ನಡವನ್ನೂ ಮರೆಯಲಿಲ್ಲ. ಆ ಸಂಚಾರದ ಕಥೆಯನ್ನು ತಮ್ಮ ಜನರಿಗೆ ಕನ್ನಡದಲ್ಲಿಯೇ ಹೇಳಿದರು. ಅದೇ ‘ಹಸುರು ಹೊನ್ನು’. ಗಿಡಮರಗಳ ವಿಚಾರ, ಶಿಷ್ಯರ ತುಂಟತನ, ದಾರಿಯ ಫಜೀತಿ ಎಲ್ಲವೂ ಕೂಡಿದ ಆ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಚಿತ್ರಗಳನ್ನು ಬರೆದವರೂ ಅವರೇ.

ಕಾಡನ್ನು ನೋಡುವ ಕಣ್ಣು ಒಮ್ಮೆ ತೆರೆದರೆ ಅಡಿಗೆಮನೆಯೂ ಕಾಡಾಗುತ್ತದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದಲ್ಲಿ, ನಾವು ದಿನವೂ ಉಣ್ಣುವ ಕಾಯಿಪಲ್ಯಗಳಲ್ಲಿ ಎಷ್ಟೋ ಸಮುದ್ರ ದಾಟಿ ಬಂದವು ಎಂದು ಅವರು ತೋರಿಸಿದರು. ನಮ್ಮ ರೊಟ್ಟಿಯ ಜೊತೆಯ ಮೆಣಸಿನಕಾಯಿ ಚಟ್ನಿಯಾಗಲಿ, ಈ ನಾಗಪುರದ ಸಾವಜಿ ಸಾರಿನ ಖಾರವಾಗಲಿ, ಅಮೆರಿಕ ಖಂಡದಿಂದ ವಲಸೆ ಬಂದದ್ದೇ. ವಲಸೆ ಬಂದ ಮೆಣಸಿನಕಾಯಿ ಈ ನೆಲದಲ್ಲಿ ಬೇರೂರಿತು. ವಲಸೆ ಬಂದ ನಾವು?

ಇದನ್ನು ಕೇಳಲು ಕಾರಣವಿದೆ. ಕಳೆದ ಮಾರ್ಚಿಯಲ್ಲಿ ನಾವು ನಾಲ್ಕು ಮನೆಯವರು ಕೂಡಿ, ಮೊಸರನ್ನದ ಡಬ್ಬಿ ಕಟ್ಟಿಕೊಂಡು, ಬಸ್ಸಿನಲ್ಲಿ ರಾಮಟೇಕಕ್ಕೆ ಹೋಗಿದ್ದೆವು. ದಾರಿಯ ಬದಿಗೆ ಎಲೆಯುದುರಿದ ಮರವೊಂದು ಬೆಂಕಿ ಹೊತ್ತಿಕೊಂಡಂತೆ ಕೆಂಪಾಗಿ ಹೂಬಿಟ್ಟಿತ್ತು. ನನ್ನ ಮಗಳು ಅದರ ಹೆಸರು ಕೇಳಿದಳು. ದೊಡ್ಡವರಾದ ನಮ್ಮಲ್ಲಿ ಒಬ್ಬರಿಗೂ ಉತ್ತರ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಮರಾಠಿ ಅಜ್ಜಿ ಅದನ್ನು ಪಳಸ ಎಂದರು. ಊರಿನಲ್ಲಿರುವ ನನ್ನ ತಾಯಿಗೆ ರಾತ್ರಿ ಫೋನು ಮಾಡಿ ವರ್ಣಿಸಿದಾಗ ಅವರು ನಕ್ಕು, ಅದು ಮುತ್ತುಗವಲ್ಲವೇನೋ ಎಂದರು. ಮದುವೆ ಮುಂಜಿಗಳಲ್ಲಿ ನಾವು ಉಂಡ ಮುತ್ತುಗದ ಎಲೆಯ ಮರ! ಎಲೆಯ ಮೇಲೆ ಉಂಡವನಿಗೆ ಮರದ ಗುರುತಿರಲಿಲ್ಲ. ಆ ರಾತ್ರಿ ನನಗೆ ನಾಚಿಕೆಯಾಯಿತು. ಊರನ್ನೂ ಅರಿಯದೆ, ಬಂದ ನಾಡನ್ನೂ ಅರಿಯದೆ, ಕಚೇರಿ ಮನೆ ಎರಡರ ನಡುವೆಯೇ ಹದಿಮೂರು ವರ್ಷ ಕಳೆದಿದ್ದೆ. ನಮ್ಮ ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿ ಇಷ್ಟೇ ಆದೀತೇ ಎಂಬ ಭಯವೂ ಆಯಿತು.

ಆ ದಿನದ ನಮ್ಮ ಖರ್ಚು ಬಸ್ಸಿನ ಚೀಟಿಯಷ್ಟೇ. ಸ್ವಾಮಿಯವರಂಥ ವಿದ್ವಾಂಸರು ನಾವಾಗಲಾರೆವು. ಆದರೆ ಅವರಂತೆ ನಡೆಯಬಲ್ಲೆವು. ಅಂಬಾಝರಿ ಕೆರೆಯ ದಂಡೆ, ಸೆಮಿನರಿ ಹಿಲ್ಸ್, ರಾಮಟೇಕದ ಗುಡ್ಡ ನಮಗೆ ದೂರವಲ್ಲ. ನಮ್ಮ ಸಂಘದವರು ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಟು, ಕಂಡ ಮರದ ಮರಾಠಿ ಹೆಸರನ್ನೂ ಕನ್ನಡದ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟರೆ, ಬರುವ ರಾಜ್ಯೋತ್ಸವದ ವೇಳೆಗೆ ಒಂದು ಚಿಕ್ಕ ಪುಸ್ತಕವೇ ಆದೀತು. ಸ್ವಾಮಿಯವರಿಗೆ ನಾವು ಸಲ್ಲಿಸುವ ಶ್ರದ್ಧಾಂಜಲಿ ಅದೇ ಆಗಲಿ. ಬರುವವರು ಹಳೆಯ ವೃತ್ತಪತ್ರಿಕೆಗಳನ್ನು ರದ್ದಿಗೆ ಹಾಕದೆ ತೆಗೆದಿಡಿರಿ.