ಝಾಂ ಬ್ರಾಶೆ: ಜೀವಕೋಶದ ಕಮ್ಮಟವನ್ನು ಅರಸಿದವರು

ಕಾಲೇಜಿನ ಎರಡನೆಯ ವರ್ಷದಲ್ಲಿ ನಾನು ಸೂಕ್ಷ್ಮದರ್ಶಕದ ಕೆಳಗೆ ಕಂಡ ಒಂದು ನೋಟ ಇಂದಿಗೂ ಕಣ್ಣಿಗೆ ಕಟ್ಟಿದೆ. ಈರುಳ್ಳಿ ಬೇರಿನ ತುದಿಯ ತೆಳ್ಳನೆಯ ಪದರಕ್ಕೆ ನಮ್ಮ ಅಧ್ಯಾಪಕರು ಎರಡು ಬಣ್ಣಗಳನ್ನು ಊಡಿದ್ದರು. ಒಂದೊಂದು ಜೀವಕೋಶದ ಕೇಂದ್ರವೂ ನೀಲಿ ಬೆರೆತ ಹಸಿರಾಗಿತ್ತು. ಆ ಹಸಿರಿನ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಚುಕ್ಕೆ. ಕೇಂದ್ರದ ಹೊರಗಣ ಕೋಶದ್ರವ್ಯದಲ್ಲಿಯೂ ಅದೇ ಕೆಂಪಿನ ಎಳೆಯ ಛಾಯೆ. ಒಳಗಿನ ಬೊಟ್ಟಿಗೂ ಹೊರಗಿನ ಛಾಯೆಗೂ ಏನು ನಂಟೆಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಬಾಳನ್ನೇ ಸವೆಸಿದವರೊಬ್ಬರಿದ್ದರೆಂದು ತಿಳಿದದ್ದು ಬಹುಕಾಲದ ಮೇಲೆ.

ಅವರು ಬೆಲ್ಜಿಯಂ ದೇಶದ ಝಾಂ ಬ್ರಾಶೆ. ಬ್ರಸೆಲ್ಸ್ ನಗರಕ್ಕೆ ಅಂಟಿಕೊಂಡ ಎಟ್ಟರ್‌ಬೇಕಿನಲ್ಲಿ 1909ರಲ್ಲಿ ಹುಟ್ಟಿದರು. ತಂದೆ ಆಲ್ಬರ್ಟ್ ಬ್ರಾಶೆ ಹೆಸರಾಂತ ಭ್ರೂಣಶಾಸ್ತ್ರಜ್ಞರು, ಬ್ರಸೆಲ್ಸಿನ ಸ್ವತಂತ್ರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ದೊಡ್ಡ ಮರದ ನೆರಳಿನಲ್ಲಿ ಸಸಿ ಬೆಳೆಯುವುದು ಕಷ್ಟವೆನ್ನುತ್ತಾರೆ. ಮಗನು ತಂದೆಯ ಶಾಸ್ತ್ರವನ್ನು ಬಿಡಲಿಲ್ಲ; ಆದರೆ ತಂದೆಯ ಪೀಳಿಗೆಯವರು ಭ್ರೂಣದ ಆಕಾರವನ್ನು ನೋಡಿದೆಡೆ ಈತ ಅದರ ರಸಾಯನವನ್ನು ನೋಡಲೆಳಸಿದರು. 1934ರಲ್ಲಿ ವೈದ್ಯಪದವಿ ದೊರೆಯಿತು. ಬಾಳು ಕಳೆದದ್ದು ಮಾತ್ರ ಪ್ರಯೋಗಶಾಲೆಯಲ್ಲಿ.

ಆ ಕಾಲದ ಪಂಡಿತರ ತಿಳಿವಳಿಕೆ ಇಂದು ನಮಗೆ ವಿಚಿತ್ರವಾಗಿ ತೋರುತ್ತದೆ. ನ್ಯೂಕ್ಲಿಯಿಕ್ ಆಮ್ಲಗಳು ಎರಡು ಬಗೆ. ಥೈಮಸ್ ಗ್ರಂಥಿಯಿಂದ ಪಡೆದದ್ದು ಪ್ರಾಣಿಗಳ ಆಮ್ಲ, ಯೀಸ್ಟಿನಿಂದ ಪಡೆದದ್ದು ಸಸ್ಯಗಳ ಆಮ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಮೊದಲನೆಯದನ್ನು ಈಗ ಡಿಎನ್‌ಎ ಎಂದೂ ಎರಡನೆಯದನ್ನು ಆರ್‌ಎನ್‌ಎ ಎಂದೂ ಕರೆಯುತ್ತೇವೆ. ಕಡಲ ಅರ್ಚಿನ್ ಎಂಬ ಮುಳ್ಳುಮೈಯ ಪ್ರಾಣಿಯ ಮೊಟ್ಟೆಯಲ್ಲಿ ಆ ‘ಸಸ್ಯ’ದ ಆಮ್ಲವೇ ಹೇರಳವಾಗಿದೆಯೆಂದು ಬ್ರಾಶೆ 1933ರಲ್ಲಿ ತೋರಿಸಿದರು. ಆಗ ಅವರಿಗೆ 24 ವರ್ಷ. ಭೇದವಿರುವುದು ಪ್ರಾಣಿ ಸಸ್ಯಗಳ ನಡುವೆ ಅಲ್ಲ, ಜೀವಕೋಶದೊಳಗಿನ ಎಡೆಗಳ ನಡುವೆ ಎಂಬ ತಿಳಿವು ಹೀಗೆ ಮೊಳೆಯಿತು.

ಆರ್‌ಎನ್‌ಎ ಎಲ್ಲೆಲ್ಲಿದೆಯೆಂದು ಕಣ್ಣಾರೆ ಕಾಣಲು ಅವರು ಹೂಡಿದ ಉಪಾಯ ಸರಳವಾದುದು. ನಾನು ಕಂಡ ಅದೇ ಕೆಂಪು ಹಸಿರು ಬಣ್ಣಗಳು, ಜೊತೆಗೆ ಆರ್‌ಎನ್‌ಎಯನ್ನು ಮಾತ್ರ ಕರಗಿಸುವ ಒಂದು ಕಿಣ್ವ. ಕಿಣ್ವ ಸೋಕಿದ ಪದರದಲ್ಲಿ ಕೆಂಪು ಮಾಯವಾದರೆ ಅಲ್ಲಿದ್ದದ್ದು ಆರ್‌ಎನ್‌ಎಯೇ ಸರಿ. ಹೀಗೆ ನೋಡಿದಾಗ ಕೆಂಪು ನೆಲೆಸಿದ್ದು ಎರಡೆಡೆ: ಕೇಂದ್ರದೊಳಗಿನ ಆ ಬೊಟ್ಟು, ಅಂದರೆ ಕಿರುಕೇಂದ್ರ, ಮತ್ತು ಹೊರಗಿನ ಕೋಶದ್ರವ್ಯ. ಸಸಾರಜನಕವನ್ನು ಹೇರಳವಾಗಿ ತಯಾರಿಸುವ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ಕೆಂಪು ಗಾಢ. ಹಗಲಿರುಳು ದುಡಿದರೂ ಸಸಾರಜನಕವನ್ನು ಅಷ್ಟಾಗಿ ತಯಾರಿಸದ ಹೃದಯದ ಸ್ನಾಯುವಿನಲ್ಲಿ ತೆಳು. ಆರ್‌ಎನ್‌ಎ ಇದ್ದಲ್ಲಿ ಸಸಾರಜನಕದ ಹುಟ್ಟು! ಸ್ವೀಡನ್ನಿನ ಕಾಸ್ಪರ್ಸನ್ ಬೇರೊಂದು ದಾರಿಯಿಂದ ಅದೇ ಕಾಲಕ್ಕೆ ಅಲ್ಲಿಗೇ ಬಂದಿದ್ದರು. ಬ್ರಾಶೆಯವರ ಪ್ರಬಂಧ 1942ರದು. ಆಗ ಬೆಲ್ಜಿಯಂ ಜರ್ಮನ್ ಸೈನ್ಯದ ಹಿಡಿತದಲ್ಲಿತ್ತು; ಆಕ್ರಮಣಕಾರರ ಕಟ್ಟಳೆಗೆ ಬಾಗಲೊಲ್ಲದೆ ಅವರ ವಿಶ್ವವಿದ್ಯಾಲಯ 1941ರ ನವೆಂಬರಿನಲ್ಲಿಯೇ ಪಾಠಗಳನ್ನು ನಿಲ್ಲಿಸಿತ್ತು. ಅಂಥ ದಿನಗಳಲ್ಲಿ ಕಪ್ಪೆಯ ಮೊಟ್ಟೆಯ ಬಣ್ಣವನ್ನು ಕುರಿತು ಚಿಂತಿಸುವ ಸ್ಥೈರ್ಯ ಎಲ್ಲರಿಗೂ ಬರುವಂಥದಲ್ಲ.

ಕೋಶದ್ರವ್ಯದ ಆ ಕೆಂಪು ಬಹುಮಟ್ಟಿಗೆ ರೈಬೋಸೋಮುಗಳದು. ಆ ಹೆಸರು ಬಂದದ್ದು 1958ರಲ್ಲಿ. ಆರ್‌ಎನ್‌ಎ ಮತ್ತು ಸಸಾರಜನಕಗಳೆರಡೂ ಕೂಡಿ ಆದ, ಸಸಾರಜನಕವನ್ನು ಅಚ್ಚು ಹಾಕುವ ಕಮ್ಮಟಗಳವು. ಕಮ್ಮಟದಲ್ಲಿ ನಾಣ್ಯ ಹುಟ್ಟುತ್ತದೆ, ಸರಿ. ಕಮ್ಮಟದ ಬಿಡಿಭಾಗಗಳು ಹುಟ್ಟುವುದೆಲ್ಲಿ? ಕೇಂದ್ರದಲ್ಲಿಯೆ, ಹೊರಗೆಯೆ?

ಇದಕ್ಕೆ ಉತ್ತರ ಬೇಕಾದರೆ ಕೇಂದ್ರವನ್ನು ಕಿತ್ತೊಗೆದು ಉಳಿದುದನ್ನು ನೋಡಬೇಕು. ಅದಕ್ಕೆ ಒದಗಿದವು ಏಕಕೋಶ ಜೀವಿಗಳು. ಅಮೀಬವನ್ನು ಎರಡಾಗಿ ಸೀಳಿದರೆ ಕೇಂದ್ರವಿಲ್ಲದ ಪಾಲು ಕೆಲವು ದಿನ ಬದುಕುತ್ತದೆ. ಅದರಲ್ಲಿ ಆರ್‌ಎನ್‌ಎ ದಿನೇ ದಿನೇ ಇಳಿಯುತ್ತದೆ. ಆರ್‌ಎನ್‌ಎಯ ತವರು ಕೇಂದ್ರವೇ ಎಂಬ ನಂಬಿಕೆಗೆ ಇದು ಬಲವಾದ ಸಾಕ್ಷ್ಯ.

ಇಷ್ಟಕ್ಕೇ ನಿಲ್ಲಬಹುದಾಗಿತ್ತು. ಬ್ರಾಶೆ ನಿಲ್ಲಲಿಲ್ಲ. ಮೆಡಿಟರೇನಿಯನ್ ಕಡಲಲ್ಲಿ ಅಸಿಟಾಬುಲೇರಿಯ ಎಂಬ ಹಸುರು ಪಾಚಿಯುಂಟು. ಮೇಲೆ ಕೊಡೆ, ನಡುವೆ ಕೆಲವು ಸೆಂಟಿಮೀಟರುಗಳ ಕಾವು, ಬುಡದಲ್ಲಿ ಬೇರಿನಂಥ ಹಿಡಿಕೆ. ಇಷ್ಟೂ ಒಂದೇ ಜೀವಕೋಶ! ಕೇಂದ್ರ ಬುಡದಲ್ಲಿ ಅಡಗಿರುತ್ತದೆ. ಕೊಡೆಯ ಆಕಾರವನ್ನು ನಿರ್ಧರಿಸುವುದು ಆ ಕೇಂದ್ರವೆಂದು ಜರ್ಮನಿಯ ಹೆಮ್ಮರ್ಲಿಂಗ್ 1930ರ ದಶಕದಲ್ಲಿ ತೋರಿಸಿದ್ದರು. ಬ್ರಾಶೆ ಮತ್ತು ಸಂಗಡಿಗ ಶಾಂತ್ರೆನ್ ಇದರ ಬುಡವನ್ನು ಕತ್ತರಿಸಿ ತೆಗೆದು, ಕೇಂದ್ರವಿಲ್ಲದ ಕಾವನ್ನು ಪರೀಕ್ಷಿಸಿದರು. ಅದು ವಾರಗಟ್ಟಲೆ ಸಸಾರಜನಕವನ್ನು ತಯಾರಿಸಿತು. ಅದರಲ್ಲಿ ಆರ್‌ಎನ್‌ಎಯ ತಯಾರಿಕೆಯೂ ಪೂರ್ತಿ ನಿಂತಿರಲಿಲ್ಲ.

ಅಮೀಬ ಹೌದೆಂದಿತು, ಪಾಚಿ ಅಲ್ಲವೆಂದಿತು. ತನ್ನ ನಂಬಿಕೆಗೆ ಒಪ್ಪುವ ಜೀವಿಯನ್ನು ಮುಂದಿಟ್ಟು ಒಪ್ಪದುದನ್ನು ಮೂಲೆಗೆ ಸರಿಸುವುದು ವಿದ್ವಾಂಸರಲ್ಲಿ ಅಪರೂಪದ ಚಟವೇನೂ ಅಲ್ಲ. ಬ್ರಾಶೆ ಪಾಚಿಯ ಮಾತನ್ನು 1951ರಿಂದಲೇ ಅಚ್ಚಿಗೆ ಕೊಟ್ಟರು. ಹನ್ನೆರಡು ವರ್ಷ ಆ ತೊಡಕನ್ನು ಕೈಯಲ್ಲಿ ಹಿಡಿದೇ ಇದ್ದರು. 1963ರಲ್ಲಿ ಬಾಲ್ಟ್ಯೂಸ್ ಅವರೊಡನೆ ಆ ಪಾಚಿಯ ಹರಿತಕಣಗಳಲ್ಲಿ ಡಿಎನ್‌ಎ ಇರುವುದನ್ನು ಕಂಡರು. ಕೋಶಕೇಂದ್ರದ ಹಂಗಿಲ್ಲದೆ ಆರ್‌ಎನ್‌ಎ ಹುಟ್ಟಬಲ್ಲ ಇನ್ನೊಂದು ಮನೆ ಆ ಕಾವಿನೊಳಗೇ ಇದ್ದಿತು! ಹರಿತಕಣಗಳು ತಮ್ಮ ರೈಬೋಸೋಮುಗಳ ಆರ್‌ಎನ್‌ಎಯನ್ನು ತಾವೇ ಮಾಡಿಕೊಳ್ಳುತ್ತವೆ.

ಕೆಂಪು ಬೊಟ್ಟಿನ ಗುಟ್ಟು ಮಾತ್ರ ಬೇರೆಯವರ ಕೈಗೆ ಸಿಕ್ಕಿತು. ಕಿರುಕೇಂದ್ರವಿಲ್ಲದ ಕಪ್ಪೆಯ ಭ್ರೂಣಗಳು ರೈಬೋಸೋಮಿನ ಆರ್‌ಎನ್‌ಎಯನ್ನು ತಯಾರಿಸಲಾರವೆಂದು ಬ್ರೌನ್ ಮತ್ತು ಗರ್ಡನ್ 1964ರಲ್ಲಿ ಸಿದ್ಧಪಡಿಸಿದರು. ಕಪ್ಪೆಯ ಭ್ರೂಣ ಬ್ರಾಶೆಯವರ ಜೀವಮಾನದ ಸಂಗಾತಿ. ಆ ಮಾತನ್ನು ಅದು ಅವರಿಗೆ ಹೇಳಲಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಇಂದು ಯೀಸ್ಟಿನ ಒಂದೇ ಕೋಶದಲ್ಲಿ ಇಡೀ ವ್ಯವಹಾರವನ್ನು ಓದಬಹುದು. ರೈಬೋಸೋಮಿನ ಆರ್‌ಎನ್‌ಎಗೆ ಸುಮಾರು 150 ಪ್ರತಿಗಳ ಜೀನುಗಳು ಕಿರುಕೇಂದ್ರದಲ್ಲಿವೆ. 79 ಬಗೆಯ ಸಸಾರಜನಕಗಳು ಹುಟ್ಟುವುದು ಹೊರಗೆ, ಅದೂ ಹಳೆಯ ರೈಬೋಸೋಮುಗಳ ಮೇಲೆಯೇ. ಅವು ಕೇಂದ್ರದೊಳಕ್ಕೆ ನುಗ್ಗಿ, ಆರ್‌ಎನ್‌ಎಯೊಡನೆ ಕೂಡಿ, ಎರಡು ಹೋಳುಗಳಾಗಿ ಮತ್ತೆ ಹೊರಬರುತ್ತವೆ. ಚೆನ್ನಾಗಿ ಬೆಳೆಯುವ ಯೀಸ್ಟ್ ಕೋಶ ನಿಮಿಷಕ್ಕೆ ಸುಮಾರು 2,000 ರೈಬೋಸೋಮುಗಳನ್ನು ಕಟ್ಟುತ್ತದೆ. ಅದರ ಮೈಟೊಕಾಂಡ್ರಿಯಗಳಿಗೆ ತಮ್ಮವೇ ರೈಬೋಸೋಮುಗಳಿವೆ: ಅವುಗಳ ಆರ್‌ಎನ್‌ಎ ಅಲ್ಲಿಯೇ ಹುಟ್ಟಿದ್ದು; ಸಸಾರಜನಕಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಹೊರಗಿನಿಂದ ಬಂದವು. ಬ್ಯಾಕ್ಟೀರಿಯಗಳಿಗೋ ಕೇಂದ್ರವೂ ಇಲ್ಲ, ಕಿರುಕೇಂದ್ರವೂ ಇಲ್ಲ. ಒಳಗು ಹೊರಗುಗಳ ಈ ಓಡಾಟವೇ ಅವಕ್ಕೆ ಬೇಡ.

1974ರಲ್ಲಿ ಜೀವಕೋಶದ ಶೋಧನೆಗೆ ನೊಬೆಲ್ ಪಾರಿತೋಷಕ ಬಂದಾಗ ಪಡೆದ ಮೂವರಲ್ಲಿ ಕ್ಲೋಡ್, ದ ದ್ಯೂವ್ ಇಬ್ಬರು ಬೆಲ್ಜಿಯನರು. ಬ್ರಾಶೆಯವರ ಹೆಸರು ಅಲ್ಲಿರಲಿಲ್ಲ. ಅವರು 1988ರಲ್ಲಿ ತೀರಿಕೊಂಡರು. ಆ ಎರಡು ಬಣ್ಣಗಳ ಸೀಸೆಗಳು ಇಂದಿಗೂ ನನ್ನ ಬೀರುವಿನಲ್ಲಿವೆ. ಪ್ರತಿವರ್ಷ ಈರುಳ್ಳಿಯ ಬೇರು ಬಲಿಯುವ ಮುನ್ನ ಒಮ್ಮೆ ಹೊರತೆಗೆಯುತ್ತೇನೆ.